ಕೈಯಲ್ಲಿ 12,000 ರೂಪಾಯಿ, ಎದುರಿಗೆ ಹೊಸ ಆಫೀಸು

ಓದುಗರ ಪ್ರಶ್ನೆಗಳಿಗೆ ಉತ್ತರ: ಈ ಸಂಚಿಕೆಯಲ್ಲಿ ಕಚೇರಿಯ ಉಡುಪು

ಪ್ರಶ್ನೆ: ಮಾನ್ಯರೇ, ನನಗೆ 27 ವರ್ಷ. ಡೊಂಬಿವಲಿಯಲ್ಲಿ ತಂದೆತಾಯಿಯರೊಂದಿಗೆ ಇದ್ದೇನೆ. ಇಷ್ಟು ದಿನ ಐರೋಲಿಯಲ್ಲಿ ರಾತ್ರಿ ಪಾಳಿಯ ಕೆಲಸವಿತ್ತು. ಅಲ್ಲಿ ಜೀನ್ಸು, ಟೀಶರ್ಟು ನಡೆಯುತ್ತಿತ್ತು. ಮುಂದಿನ ತಿಂಗಳಿನಿಂದ ಬಾಂದ್ರಾ-ಕುರ್ಲಾ ಸಂಕೀರ್ಣದ ಕಚೇರಿಯಲ್ಲಿ ಗ್ರಾಹಕರ ಎದುರು ಕುಳಿತು ಮಾತನಾಡಬೇಕಾದ ಹುದ್ದೆ ಸಿಕ್ಕಿದೆ. ಮನೆಯ ಸಾಲದ ಕಂತು ಕಳೆದು ಬಟ್ಟೆಗೆಂದು ತೆಗೆದಿಡಲು ಸಾಧ್ಯವಾಗಿರುವುದು 12,000 ರೂ. ಮಾತ್ರ. ಕಪಾಟಿನಲ್ಲಿ ಐದು ಫಾರ್ಮಲ್ ಶರ್ಟು, ಮೂರು ಪ್ಯಾಂಟು, ಅಕ್ಕನ ಮದುವೆಗೆ ಹೊಲಿಸಿದ ಮಿರಿಮಿರಿ ಹೊಳೆಯುವ ಒಂದು ಸೂಟು ಇವೆ. ಹೆಸರಾಂತ ಬ್ರಾಂಡಿನ ಎರಡು ಶರ್ಟು ಮತ್ತು ಒಂದು ಬ್ಲೇಜರ್ ತೆಗೆದುಕೋ ಎಂದು ಗೆಳೆಯರು, ಬಟ್ಟೆ ತಂದು ಹೊಲಿಸು ಎಂದು ತಂದೆಯವರು ಹೇಳುತ್ತಾರೆ. ಬೆಳಗಿನ ಲೋಕಲ್‌ನಿಂದ ಕುರ್ಲಾದಲ್ಲಿ ಇಳಿಯುವ ಹೊತ್ತಿಗೆ ಮೈಮೇಲಿನ ಶರ್ಟು ಹಿಂಡಿ ಹಾಕಿದಂತಿರುತ್ತದೆ. ಯಾರ ಮಾತು ಕೇಳಲಿ?
— ಒಬ್ಬ ಓದುಗ, ಡೊಂಬಿವಲಿ

ಉತ್ತರ: ಗೆಳೆಯರ ಮಾತನ್ನು ಸದ್ಯಕ್ಕೆ ಬದಿಗಿಡಿ. ತಂದೆಯವರ ಮಾತು ಮುಕ್ಕಾಲು ಪಾಲು ಸರಿಯಾಗಿದೆ. ಉಳಿದ ಕಾಲು ಪಾಲಿನ ಬಗ್ಗೆ ಮುಂದೆ ಹೇಳುತ್ತೇನೆ. ದಾದರಿನ ಒಂದು ಜವಳಿ ಅಂಗಡಿಯ ಗಾದಿಯ ಮೇಲೆ ಕುಳಿತು 28 ವರ್ಷ ಬಟ್ಟೆ ಹರಿದುಕೊಟ್ಟವನು ನಾನು. ದುಡ್ಡು ಕಡಿಮೆ ಇರುವವರು ಮೊದಲು ಅಳತೆಗೆ, ಆಮೇಲೆ ಬಟ್ಟೆಗೆ, ಏನಾದರೂ ಉಳಿದರೆ ಬ್ರಾಂಡಿಗೆ ಖರ್ಚು ಮಾಡಬೇಕು ಎಂಬುದನ್ನು ಅಲ್ಲಿಗೆ ಬಂದು ಹೋದ ಗಿರಾಕಿಗಳನ್ನು ನೋಡಿಯೇ ಕಲಿತೆ. ಹೆಗಲಿನಿಂದ ಒಂದು ಇಂಚು ಕೆಳಗೆ ಜಾರಿ ಕೂತ 3,000 ರೂಪಾಯಿಯ ಶರ್ಟಿಗಿಂತ, ಹೆಗಲ ಮೂಳೆಯ ಮೇಲೆ ಸರಿಯಾಗಿ ಕೂತ 700 ರೂಪಾಯಿಯ ಶರ್ಟು ಎದುರಿಗೆ ಕುಳಿತವರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಕಪಾಟಿನಲ್ಲಿರುವುದನ್ನೆಲ್ಲ ಹೊರಗೆ ತೆಗೆದು, ಒಂದೊಂದನ್ನೂ ತೊಟ್ಟು ಕನ್ನಡಿಯ ಮುಂದೆ ನಿಲ್ಲಿ. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಬೋಹಾರೀಣ ಬಾಗಿಲಿಗೆ ಬಂದು ಹೊಸ ಸ್ಟೀಲ್ ಪಾತ್ರೆ ತೋರಿಸಿದಳೆಂದರೆ ಹಳೆಯ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಕೊಟ್ಟುಬಿಡುವ ಅಭ್ಯಾಸ ಮುಂಬಯಿಯ ನಮ್ಮ ಮನೆಗಳಲ್ಲಿ ಇದೆ. ನನ್ನ ಎರಡು ಒಳ್ಳೆಯ ಟೆರಿವುಲ್ ಪ್ಯಾಂಟುಗಳು ಒಂದು ಡಬರಿಗೆ ಬದಲಾಗಿ ಹೋದದ್ದನ್ನು ನಾನು ಇನ್ನೂ ಮರೆತಿಲ್ಲ. ಆದ್ದರಿಂದ ಯಾವುದನ್ನು ರಿಪೇರಿ ಮಾಡಿಸಬಹುದು, ಯಾವುದನ್ನು ಆಗದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಶರ್ಟಿನ ಪಕ್ಕಗಳು ಸಡಿಲವಾಗಿದ್ದರೆ ಹಿಡಿಸಬಹುದು, ತೋಳು ಉದ್ದವಾಗಿದ್ದರೆ ಕಫ್ ಬಿಚ್ಚಿ ಗಿಡ್ಡ ಮಾಡಿಸಬಹುದು, ಪ್ಯಾಂಟಿನ ಸೊಂಟವನ್ನು ಒಂದು ಇಂಚು, ಹಿಂಬದಿಯ ಹೊಲಿಗೆಯೊಳಗೆ ಬಟ್ಟೆ ಬಿಟ್ಟಿದ್ದರೆ ಒಂದೂವರೆ ಇಂಚಿನವರೆಗೂ ಸಡಿಲಿಸಬಹುದು. ಹೆಗಲು ದೊಡ್ಡದಾದ ಶರ್ಟನ್ನು ಮಾತ್ರ ಕೈಬಿಡಿ. ಹೆಗಲು ಬಿಚ್ಚಿದರೆ ತೋಳನ್ನೂ ಬಿಚ್ಚಬೇಕು, ತೋಳು ಬಿಚ್ಚಿದರೆ ಕಂಕುಳನ್ನು ಮತ್ತೆ ಕತ್ತರಿಸಬೇಕು. ಅಷ್ಟು ಕೂಲಿಗೆ ಹೊಸ ಶರ್ಟೇ ಬರುತ್ತದೆ.

ಬಟ್ಟೆ ಗಟ್ಟಿಯಾಗಿದ್ದು ಕಾಲರಿನ ಮಡಿಕೆ ಮಾತ್ರ ಸವೆದು ನೂಲು ಎದ್ದಿರುವ ಶರ್ಟು ಪ್ರತಿ ಮನೆಯಲ್ಲೂ ಒಂದಿರುತ್ತದೆ. ಅದರ ಕಾಲರನ್ನು ತಿರುಗಿಸಬಹುದು. ಕಾಲರು ಪಟ್ಟಿಗೆ ಕೂಡುವ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ, ಕಾಲರನ್ನು ಮಗುಚಿ, ಕೆಳಗಿದ್ದ ಮುಖ ಮೇಲೆ ಬರುವಂತೆ ಅದೇ ಗುರುತಿನ ಮೇಲೆ ಮತ್ತೆ ಹೊಲಿಯುವುದು, ಕೆಲಸ ಇಷ್ಟೇ. ಕಾಲರಿನ ತುದಿಯಲ್ಲಿ ಗುಂಡಿ ಇರುವ ಶರ್ಟಿಗೆ ಇದು ಆಗದು, ಏಕೆಂದರೆ ಕಾಜಾ ತಿರುವುಮುರುವಾಗುತ್ತದೆ. ಹಿಂದೆ ಇದು ಪ್ರತಿಯೊಬ್ಬ ದರ್ಜಿಯೂ ಮಾಡುತ್ತಿದ್ದ ಕೆಲಸ. ಈಗ ಕೇಳಿದರೆ ಕೆಲವರು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ರೈಲ್ವೆ ನಿಲ್ದಾಣದ ಬಳಿ ಒಂದೇ ಮಷಿನು ಇಟ್ಟುಕೊಂಡು ಬರೀ ಆಲ್ಟರೇಷನ್ ಮಾಡುವವರನ್ನು ಹುಡುಕಿ, ಅವರಿಗೆ ಗೊತ್ತಿರುತ್ತದೆ. ಈ ಎಲ್ಲ ರಿಪೇರಿಗೆಂದು 700 ರೂ. ಎತ್ತಿಡಿ. ಐದರಲ್ಲಿ ಎರಡು ಶರ್ಟು, ಮೂರರಲ್ಲಿ ಒಂದು ಪ್ಯಾಂಟು ಉಳಿದರೂ ನಿಮಗೆ ಲಾಭವೇ.

ಹೊಸದಾಗಿ ಮೊದಲು ತೆಗೆದುಕೊಳ್ಳಬೇಕಾದದ್ದು ಪ್ಯಾಂಟು. ಎಲ್ಲರೂ ಶರ್ಟಿನಿಂದ ಆರಂಭಿಸುತ್ತಾರೆ, ಅಲ್ಲೇ ಲೆಕ್ಕ ತಪ್ಪುತ್ತದೆ. ಕಡು ಬೂದು ಬಣ್ಣದ ಒಂದೇ ಪ್ಯಾಂಟನ್ನು ವಾರಕ್ಕೆ ಎರಡು ಸಲ ತೊಟ್ಟರೂ ಯಾರೂ ಗುರುತಿಸುವುದಿಲ್ಲ. ಅದು ಸೊಂಟದಲ್ಲಿ ಸುಕ್ಕುಗಟ್ಟಿದ್ದರೆ ಅಥವಾ ಬೂಟಿನ ಮೇಲೆ ಮೂರು ಮಡಿಕೆ ಬಿದ್ದಿದ್ದರೆ ಮಾತ್ರ ಎಲ್ಲರೂ ಗುರುತಿಸುತ್ತಾರೆ. ಒಂದು ಕಡು ಬೂದು, ಇನ್ನೊಂದು ಕಡು ನೀಲಿ, ಎರಡು ಸಾಕು. ಕಪ್ಪು ಬಣ್ಣ ಸದ್ಯಕ್ಕೆ ಬೇಡ. ಬಿಳಿ ಶರ್ಟು, ಕಪ್ಪು ಪ್ಯಾಂಟು ತೊಟ್ಟು ಈ ಊರಿನಲ್ಲಿ ಓಡಾಡಿದರೆ ಹೈಕೋರ್ಟಿನ ವಕೀಲರೋ, ನಮ್ಮದೇ ಯಾವುದೋ ಉಡುಪಿ ಹೋಟೆಲಿನ ಮ್ಯಾನೇಜರರೋ ಎಂದು ತಿಳಿಯುತ್ತಾರೆ. ಎರಡೂ ಗೌರವದ ಉದ್ಯೋಗಗಳೇ, ಆದರೆ ನಿಮ್ಮದಲ್ಲ.

ಪ್ಯಾಂಟಿಗೆ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆತ ಬಟ್ಟೆ ತೆಗೆದುಕೊಳ್ಳಿ. ವ್ಯಾಪಾರಿಗಳು ಇದನ್ನು ಟಿ.ಆರ್., ಎಂದರೆ ಟೆರಿ-ರೇಯಾನ್ ಎನ್ನುತ್ತಾರೆ. ಸಾಮಾನ್ಯವಾಗಿ 65 ಪಾಲು ಪಾಲಿಯೆಸ್ಟರ್, 35 ಪಾಲು ವಿಸ್ಕೋಸ್ ಇರುತ್ತದೆ. ಮನೆಯಲ್ಲೇ ಒಗೆಯಬಹುದು, ಬೇಗ ಒಣಗುತ್ತದೆ, ರೈಲಿನ ನೂಕುನುಗ್ಗಲಿನಲ್ಲೂ ಇಸ್ತ್ರಿಯ ಗೆರೆ ಉಳಿಯುತ್ತದೆ. ಉಣ್ಣೆ ಬೆರೆತ ಬಟ್ಟೆಯ ಇಳಿಬೀಳು ಇದಕ್ಕಿಂತ ಚೆಂದ, ಆದರೆ ಡ್ರೈಕ್ಲೀನಿಂಗಿನ ಖರ್ಚು ತಿಂಗಳು ತಿಂಗಳು ಬೆನ್ನು ಹತ್ತುತ್ತದೆ. 58 ಇಂಚು ಪನ್ನದ, ಎಂದರೆ ಅಗಲದ, ಬಟ್ಟೆಯಾದರೆ ನಿಮ್ಮ ವಯಸ್ಸಿನ ಸಾಧಾರಣ ಮೈಕಟ್ಟಿಗೆ 1.2ರಿಂದ 1.3 ಮೀಟರ್ ಸಾಕಾಗುತ್ತದೆ. ಬಟ್ಟೆಯ ಅಂಚಿನಲ್ಲಿ ಹೊಳೆಯುವ ಅಕ್ಷರಗಳಲ್ಲಿ 'ಸೂಪರ್ 120' ಎಂದು ಅಚ್ಚಾಗಿದ್ದರೆ ಅದಕ್ಕೆ ಮರುಳಾಗಬೇಡಿ. ಆ ಸಂಖ್ಯೆ ಹುಟ್ಟಿದ್ದು ಉಣ್ಣೆಯ ಎಳೆಯ ನವಿರನ್ನು ಹೇಳಲು. ಪೂರ್ತಿ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಅದಕ್ಕೆ ಅರ್ಥವೇ ಇಲ್ಲ. ಅನುಮಾನ ಬಂದರೆ ತುದಿಯಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿ. ಹತ್ತಿ ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುತ್ತದೆ, ಉಣ್ಣೆ ಕೂದಲು ಸುಟ್ಟ ವಾಸನೆ ಬಿಡುತ್ತದೆ, ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಈ ಪರೀಕ್ಷೆಯನ್ನು ಅಂಗಡಿಯೊಳಗೆ ಮಾಡಬೇಡಿ, ಹೊರಗೆ ಬಂದು ಮಾಡಿ. ಬಟ್ಟೆ ಅಂಗಡಿಯವನಿಗೆ ಬೆಂಕಿಕಡ್ಡಿಯ ಸದ್ದೇ ಆಗದು.

ಪ್ಯಾಂಟು ಹೊಲಿಯಲು ಕೊಡುವಾಗ ಹಿಂಬದಿಯ ನಡುಹೊಲಿಗೆಯೊಳಗೆ ಒಂದೂವರೆ ಇಂಚು ಬಟ್ಟೆ ಬಿಡಲು ಹೇಳುವುದನ್ನು ಮರೆಯಬೇಡಿ. ಕುಳಿತು ಮಾಡುವ ಕೆಲಸದಲ್ಲಿ ವರ್ಷ ತುಂಬುವುದರೊಳಗೆ ಅದು ಬೇಕಾಗುತ್ತದೆ.

ಇನ್ನು ಶರ್ಟು. ನಿಮ್ಮ ನಿಜವಾದ ಸಮಸ್ಯೆ ಬೆವರು, ಅದಕ್ಕೆ ಬಟ್ಟೆಯ ಆಯ್ಕೆಯಲ್ಲೇ ಅರ್ಧ ಪರಿಹಾರವಿದೆ. ಪೂರ್ತಿ ಪಾಲಿಯೆಸ್ಟರ್ ಶರ್ಟು ಬೆವರನ್ನು ಹೀರುವುದಿಲ್ಲ, ಬೆನ್ನಿಗೆ ಅಂಟುತ್ತದೆ, ಒಗೆದರೂ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಶುದ್ಧ ಹತ್ತಿ ಮೈಗೆ ಹಿತ, ಆದರೆ ಕುರ್ಲಾ ತಲುಪುವಷ್ಟರಲ್ಲಿ ಮುದುಡುತ್ತದೆ, ಜುಲೈ ತಿಂಗಳಿನಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಆದ್ದರಿಂದ ಹತ್ತಿ ಅರ್ಧಕ್ಕಿಂತ ಹೆಚ್ಚಿರುವ ಮಿಶ್ರ ಬಟ್ಟೆ, ಹೇಳುವುದಾದರೆ 60ಕ್ಕೆ 40ರ ಬೆರಕೆ, ನಿಮ್ಮ ದಿನಚರಿಗೆ ಹೊಂದುತ್ತದೆ. ಅಂಗಡಿಯವರು 40, 60, 80 ಎಂದು ಕೌಂಟ್ ಹೇಳುತ್ತಾರೆ. ಒಂದು ಪೌಂಡ್ ತೂಕದ ನೂಲಿನಲ್ಲಿ 840 ಗಜದ ಎಷ್ಟು ಲಡಿಗಳಿವೆ ಎಂಬುದೇ ಆ ಸಂಖ್ಯೆ. ಆದ್ದರಿಂದ ಸಂಖ್ಯೆ ಏರಿದಷ್ಟೂ ನೂಲು ತೆಳ್ಳಗಾಗುತ್ತದೆ. ನೂರರ ಮೇಲಿನದು ಕೈಗೆ ರೇಷ್ಮೆಯಂತೆ ಜಾರುತ್ತದೆ, ಬೆಲೆಯೂ ಹಾಗೆಯೇ ಏರಿರುತ್ತದೆ, ಆದರೆ ವಾರಕ್ಕೆರಡು ಸಲ ಒಗೆತಕ್ಕೆ ಬೀಳುವ ಶರ್ಟಿಗೆ ಅದು ಹೇಳಿದ್ದಲ್ಲ. ನಿಮಗೆ 50ರಿಂದ 60 ಸಾಕು.

ಬಣ್ಣದಲ್ಲಿ ಒಂದು ಗುಟ್ಟಿದೆ. ಫಾರ್ಮಲ್ ಎಂದೊಡನೆ ಎಲ್ಲರೂ ತಿಳಿನೀಲಿಯತ್ತ ಕೈ ಚಾಚುತ್ತಾರೆ, ಬೆವರಿನ ಕಲೆ ಅತಿ ಸ್ಪಷ್ಟವಾಗಿ ಕಾಣುವುದು ತಿಳಿನೀಲಿ ಮತ್ತು ತಿಳಿಬೂದು ಬಣ್ಣಗಳ ಮೇಲೆಯೇ. ಬಿಳಿಯ ಮೇಲೆ ಕಡಿಮೆ ಕಾಣುತ್ತದೆ. ಬಿಳಿ ನೆಲದ ಮೇಲೆ ಸಣ್ಣ ನೀಲಿ ಗೆರೆ ಇದ್ದರೆ ಇನ್ನೂ ಕಡಿಮೆ. ಹಾಗಾಗಿ ಒಂದು ಬಿಳಿ, ಎರಡು ಸಣ್ಣ ಗೆರೆಯವು ಎಂದು ಮೂರು ಶರ್ಟು ತೆಗೆದುಕೊಳ್ಳಿ. ಒಳಗೆ ತೋಳಿರುವ ಬನಿಯನ್ ತೊಡಿ. ಸೆಕೆಯಲ್ಲಿ ಇನ್ನೊಂದು ಪದರವೇ ಎಂದು ಕೇಳುತ್ತೀರಿ, ಕಂಕುಳಿನ ಬೆವರನ್ನು ಅದು ಕುಡಿದರೆ ಶರ್ಟಿನ ಆಯುಷ್ಯವೂ ಹೆಚ್ಚುತ್ತದೆ. ಒಂದು ಇಸ್ತ್ರಿ ಮಾಡಿದ ಶರ್ಟನ್ನು ಆಫೀಸಿನಲ್ಲೇ ಹ್ಯಾಂಗರಿಗೆ ತೂಗುಹಾಕಿಡಿ.

ಅಳತೆಯ ವಿಷಯದಲ್ಲಿ ಮುಂಬಯಿಯವರಿಗೆ ಮಾತ್ರ ಅನ್ವಯಿಸುವ ಒಂದು ಪರೀಕ್ಷೆಯನ್ನು ನಾನು ಗಿರಾಕಿಗಳಿಗೆ ಹೇಳುತ್ತಿದ್ದೆ. ಶರ್ಟು ತೊಟ್ಟು, ಪ್ಯಾಂಟಿನೊಳಗೆ ಸೇರಿಸಿ, ಲೋಕಲ್‌ನಲ್ಲಿ ಮೇಲಿನ ಹಿಡಿಕೆ ಹಿಡಿದು ನಿಲ್ಲುವಂತೆ ಬಲಗೈಯನ್ನು ಪೂರ್ತಿ ಎತ್ತಿ. ಕೈ ಇಳಿಸಿದಾಗ ಶರ್ಟಿನ ಬಲಪಕ್ಕ ಸೊಂಟದಿಂದ ಹೊರಗೆ ಬಂದಿದ್ದರೆ ಆ ಶರ್ಟು ನಿಮಗೆ ಸಲ್ಲದು. ಉದ್ದ ಸಾಲದೆಂದು ಎಲ್ಲರೂ ಭಾವಿಸುತ್ತಾರೆ, ಹಲವು ಸಲ ತಪ್ಪಿರುವುದು ದರ್ಜಿಗಳು ಮುಂಡಾ ಎಂದು ಕರೆಯುವ ಕಂಕುಳ ಸುತ್ತಿನಲ್ಲಿ. ಮುಂಡಾ ಕೆಳಗಿಳಿದಷ್ಟೂ ತೋಳು ಎತ್ತಿದಾಗ ಇಡೀ ಶರ್ಟು ಅದರೊಂದಿಗೆ ಮೇಲೇಳುತ್ತದೆ. ಮುಂಡಾ ಸ್ವಲ್ಪ ಮೇಲಿರಲಿ, ಉದ್ದ ಒಂದು ಇಂಚು ಹೆಚ್ಚಿರಲಿ ಎಂದು ಕತ್ತರಿ ಹಾಕುವ ಮೊದಲೇ ಹೇಳಿ. ಮೈ ಅಳತೆ ಕೊಡುವುದಕ್ಕಿಂತ, ನಿಮಗೆ ಅತ್ಯಂತ ಚೆನ್ನಾಗಿ ಒಪ್ಪುವ ಹಳೆಯ ಶರ್ಟೊಂದನ್ನು ಮಾದರಿಯಾಗಿ ಕೊಟ್ಟುಬರುವುದು ಒಳ್ಳೆಯದು.

ತಂದೆಯವರ ಮಾತಿನಲ್ಲಿ ನಾನು ಒಪ್ಪದ ಕಾಲು ಪಾಲು ಇದು: ಎಲ್ಲವನ್ನೂ ಒಟ್ಟಿಗೆ ಹೊಲಿಸಬೇಡಿ. ಹೊಸ ದರ್ಜಿಗೆ ಒಮ್ಮೆಲೇ ಮೂರು ಶರ್ಟು ಕೊಟ್ಟರೆ ಒಂದೇ ತಪ್ಪು ಮೂರು ಸಲ ಆಗುತ್ತದೆ. ಮೊದಲು ಒಂದನ್ನು ಹೊಲಿಸಿ, ಎರಡು ಸಲ ಒಗೆದು, ಅದನ್ನು ತೊಟ್ಟು ಒಂದು ದಿನ ರೈಲಿನಲ್ಲಿ ಹೋಗಿಬನ್ನಿ, ಆಮೇಲೆ ಇನ್ನೊಂದು. ಹತ್ತಿ ಬೆರೆತ ಬಟ್ಟೆಯನ್ನು ಹೊಲಿಯುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದರೆ ಮುಂದೆ ಕುಗ್ಗುವ ಭಯ ಕಡಿಮೆ. ಕೆಲಸಕ್ಕೆ ಸೇರುವ ದಿನ ಹತ್ತಿರವಿರುವುದರಿಂದ ಬಿಳಿ ಶರ್ಟನ್ನು ಮಾತ್ರ ಸಿದ್ಧ ಉಡುಪಿನ ಅಂಗಡಿಯಲ್ಲಿ, ಹೆಗಲು ನೋಡಿ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 2,500 ರೂ. ವರೆಗಿನ ಉಡುಪಿಗೆ ಶೇ. 5, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ. 18 ಜಿಎಸ್‌ಟಿ ಇದೆ. ಪಾದರಕ್ಷೆಗೂ ಇದೇ ಗೆರೆ. ನಿಮ್ಮ ಯಾವ ಖರೀದಿಯೂ ಆ ಗೆರೆಯನ್ನು ದಾಟಬೇಕಾಗಿಲ್ಲ.

ಬಟ್ಟೆಗೆ ಕ್ರಾಫರ್ಡ್ ಮಾರುಕಟ್ಟೆಯ ಹತ್ತಿರದ ಮಂಗಳದಾಸ್ ಮಾರುಕಟ್ಟೆಗೆ ಹೋಗಿ. ಭಾನುವಾರ ಅಲ್ಲಿ ಬಾಗಿಲು ಮುಚ್ಚಿರುತ್ತದೆ, ಶನಿವಾರ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ರಾತ್ರಿ ಪಾಳಿ ಮುಗಿಸಿದ ಒಂದು ವಾರದ ದಿನ ಬೆಳಿಗ್ಗೆ 11ರ ಹೊತ್ತಿಗೆ ಮಸೀದಿ ಬಂದರ್ ನಿಲ್ದಾಣದಲ್ಲಿ ಇಳಿದು ನಡೆಯಿರಿ. ಅಷ್ಟು ದೂರ ಆಗದಿದ್ದರೆ ಕಿಂಗ್ಸ್ ಸರ್ಕಲ್ಲಿನ ಗಾಂಧಿ ಮಾರುಕಟ್ಟೆ ಇದೆ. ಕಟ್‌ಪೀಸ್ ರಾಶಿಯಲ್ಲಿ ಒಳ್ಳೆಯ ಗಿರಣಿ ಬಟ್ಟೆ ಅಗ್ಗಕ್ಕೆ ಸಿಗುವುದುಂಟು. ಅದನ್ನು ಬೆಳಕಿಗೆ ಹಿಡಿದು ಪೂರ್ತಿ ಬಿಡಿಸಿ ನೋಡದೆ ದುಡ್ಡು ಕೊಡಬೇಡಿ. ನೇಯ್ಗೆಯ ದೋಷ ಯಾವಾಗಲೂ ಒಳಮಡಿಕೆಯಲ್ಲಿಯೇ ಇರುತ್ತದೆ.

ಲೆಕ್ಕ ಹೀಗೆ ಬರುತ್ತದೆ. ರಿಪೇರಿಗೆ 700, ಬಟ್ಟೆ ಮತ್ತು ಹೊಲಿಗೆ ಸೇರಿ ಎರಡು ಪ್ಯಾಂಟಿಗೆ 2,600, ಮೂರು ಶರ್ಟಿಗೆ 3,000, ಕಪ್ಪು ಚರ್ಮದ ಬೂಟಿಗೆ 2,400, ಬೆಲ್ಟಿಗೆ 600, ಬನಿಯನ್ ಮತ್ತು ಕಾಲುಚೀಲಕ್ಕೆ 700, ಒಟ್ಟು 10,000 ರೂ. ನಿಮ್ಮ ಉಪನಗರದ ದರ್ಜಿಯ ಕೂಲಿಗನುಸಾರ ಇನ್ನೂರು ಮುನ್ನೂರು ಆಚೀಚೆ ಆಗಬಹುದು. ಉಳಿಸಿಕೊಂಡ ಎರಡು ಶರ್ಟು, ಒಂದು ಪ್ಯಾಂಟು ಸೇರಿದರೆ ಐದು ಶರ್ಟು, ಮೂರು ಪ್ಯಾಂಟು. ಒಂದಕ್ಕೊಂದು ಹೊಂದುವ ಬಣ್ಣಗಳಾದರೆ ಹದಿನೈದು ಜೋಡಿ.

ಮಿಕ್ಕ 2,000 ರೂಪಾಯಿಯನ್ನು ಮುಟ್ಟಬೇಡಿ, ಅದು ಬ್ಲೇಜರಿನ ಮೊದಲ ಕಂತು. ಮೊದಲ ತಿಂಗಳು ಸಹೋದ್ಯೋಗಿಗಳು ನಿಜಕ್ಕೂ ಬ್ಲೇಜರ್ ತೊಡುತ್ತಾರೆಯೇ ಎಂದು ನೋಡಿಕೊಂಡು ಆಮೇಲೆ ನಿರ್ಧರಿಸಿ. ತೆಗೆದುಕೊಳ್ಳುವುದಾದರೆ ಕಡು ನೀಲಿ, ಎರಡು ಗುಂಡಿಯದು, ಬೆನ್ನಿಗೆ ಅರ್ಧ ಅಸ್ತರ್ ಮಾತ್ರ ಇರುವುದು. ಅತಿ ಅಗ್ಗದ ಬ್ಲೇಜರಿನಲ್ಲಿ ಎದೆಯ ಬಕ್ರಂ, ಎಂದರೆ ಒಳಗಿನ ಗಡುಸು ಬಟ್ಟೆಯನ್ನು, ಅಂಟಿನಿಂದ ಕೂಡಿಸಿರುತ್ತಾರೆ. ಅಂಟು ಕಳಪೆಯಾಗಿದ್ದರೆ ನಾಲ್ಕಾರು ಒಗೆತ, ಇಸ್ತ್ರಿಯ ನಂತರ ಎದೆಯ ಮೇಲೆ ಹಪ್ಪಳದಂತೆ ಗುಳ್ಳೆ ಏಳುತ್ತದೆ, ಅದಕ್ಕೆ ಮದ್ದಿಲ್ಲ. ಅಕ್ಕನ ಮದುವೆಯ ಸೂಟನ್ನು ಇನ್ನೊಂದು ಮದುವೆಗೆ ಇಟ್ಟುಕೊಳ್ಳಿ. ಅದರ ಕೋಟನ್ನು ಬೂದು ಪ್ಯಾಂಟಿನ ಮೇಲೆ ತೊಟ್ಟು ಆಫೀಸಿಗೆ ಹೋಗುವ ಯೋಚನೆ ನಿಮಗೆ ಬಂದೇ ಬರುತ್ತದೆ, ಬೇಡ.

ಪ್ರಶ್ನೆ: ಮಕ್ಕಳು ದೊಡ್ಡವರಾದ ಮೇಲೆ, 46ನೆಯ ವಯಸ್ಸಿನಲ್ಲಿ ಫೋರ್ಟಿನ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಮತ್ತೆ ಕೆಲಸಕ್ಕೆ ಸೇರಿದ್ದೇನೆ. 'ಫಾರ್ಮಲ್ಸ್ ಹಾಕಿಕೊಂಡು ಬನ್ನಿ' ಎಂದಿದ್ದಾರೆ. ಮನೆಯಲ್ಲಿ ಅಮ್ಮ ಕೊಟ್ಟ ಇಳಕಲ್ ಸೀರೆಗಳೂ ಸೇರಿ ಹತ್ತು ಹದಿನೈದು ಸೀರೆಗಳಿವೆ. ರವಿಕೆಗಳು ಒಂದೂ ಆಗುತ್ತಿಲ್ಲ. 8,000 ರೂಪಾಯಿಯೊಳಗೆ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕೇ?
— ಒಬ್ಬ ಓದುಗರು, ಮುಲುಂಡ್

ಉತ್ತರ: ನಿಮ್ಮ ಪತ್ರವನ್ನು ನನ್ನ ಹೆಂಡತಿಯ ಮುಂದಿಟ್ಟೆ, ಮಾಟುಂಗಾದಿಂದ ಫೋರ್ಟಿನ ಬ್ಯಾಂಕೊಂದಕ್ಕೆ ಮೂವತ್ತು ವರ್ಷ ಲೇಡೀಸ್ ಡಬ್ಬಿಯಲ್ಲಿ ಹೋಗಿಬಂದವಳು ಅವಳು. ಓದಿ ಮುಗಿಸಿದವಳೇ "ಸೀರೆ ಕೊಳ್ಳುವುದು ಬೇಡ, ರವಿಕೆ ಹೊಲಿಸಲಿ" ಎಂದಳು. ಇದರ ಮೇಲೆ ನಾನು ಹೇಳುವುದು ಹೆಚ್ಚೇನಿಲ್ಲ.

ಸೀರೆ ಫಾರ್ಮಲ್ ಅಲ್ಲವೆಂದು ಯಾರೂ ಹೇಳಲಾರರು, ಆದರೆ ಸಡಿಲ ತೋಳಿನ, ಮಾಸಿದ ರವಿಕೆ ಎಂಥ ಸೀರೆಯನ್ನೂ ಮನೆಯ ಸೀರೆಯಾಗಿಸುತ್ತದೆ. ಹಳೆಯ ರವಿಕೆಗಳ ಒಳಹೊಲಿಗೆಯನ್ನು ಮೊದಲು ಬಿಡಿಸಿ ನೋಡಿ. ಹಿಂದಿನ ದರ್ಜಿಗಳು ಧಾರಾಳವಾಗಿ ಬಟ್ಟೆ ಬಿಡುತ್ತಿದ್ದರು, ಎರಡು ಮೂರಾದರೂ ಸಡಿಲಿಸಲು ಬಂದಾವು. ಹೊಸದಾಗಿ ಕಪ್ಪು, ಕೆನೆಬಿಳಿ, ಕಡುಗೆಂಪು, ಕಡು ನೀಲಿ, ಬೂದು ಹೀಗೆ ಐದು ಸಾದಾ ಹತ್ತಿಯ ರವಿಕೆ ಹೊಲಿಸಿದರೆ ನಿಮ್ಮ ಬಹುಪಾಲು ಸೀರೆಗಳಿಗೆ ಒಂದಲ್ಲ ಒಂದು ಹೊಂದುತ್ತದೆ. ಬಟ್ಟೆ, ಹೊಲಿಗೆ ಸೇರಿ ತಲಾ 500 ಎಂದರೂ 2,500 ರೂ. ಐದಾರು ಸೀರೆಗಳಿಗೆ ಸಡಿಲವಾದ ಫಾಲ್ ಮತ್ತೆ ಹಾಕಿಸಿ, ರೋಲ್ ಪಾಲಿಷ್ ಮಾಡಿಸಲು 1,000 ರೂ. ಇಡಿ.

ಇಳಕಲ್ ಬಗ್ಗೆ ಒಂದು ಮಾತು. ಮೈಯ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ, ಎರಡನ್ನೂ ಕೊಂಡಿ ಹಾಕಿ ಬೆಸೆದು ನೇಯ್ದ ಆ ಸೀರೆಯ ಕಡು ಬಣ್ಣ ಮತ್ತು ಅಂಚು ಕಚೇರಿಗೆ ಹೇಳಿ ಮಾಡಿಸಿದಂತಿರುತ್ತದೆ. ಅದರೊಡನೆ ಗುಳೇದಗುಡ್ಡದ ಖಣದ ರವಿಕೆ ಹಬ್ಬಕ್ಕೆ ಚೆಂದ. ಆಫೀಸಿಗೆ ಸಾದಾ ಕಪ್ಪು ರವಿಕೆ ತೊಟ್ಟರೆ ಸೀರೆ ತಾನೇ ಮಾತಾಡುತ್ತದೆ. ಅಮ್ಮನ ಸೀರೆಗಳಾದ್ದರಿಂದ ಮಡಿಕೆಗಳಲ್ಲಿ ಸೀಳಿದೆಯೇ ಎಂದು ಮೊದಲು ನೋಡಿ, ಒಂದೇ ಮಡಿಕೆಯಲ್ಲಿ ವರ್ಷಾನುಗಟ್ಟಲೆ ಇಟ್ಟ ರೇಷ್ಮೆ ಅಲ್ಲೇ ಬಿರಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ ಲೆಕ್ಕ ಬೇರೆ. ಗಂಜಿ ಹಾಕಿದ ಹತ್ತಿ ಸೀರೆಯ ಅಂಚು ಸಿಎಸ್‌ಎಂಟಿ ರೈಲು ನಿಲ್ದಾಣದ ಹೊರಗಿನ ಕೆಸರುನೀರು ಕುಡಿದರೆ ಸಂಜೆಯವರೆಗೂ ಒಣಗುವುದಿಲ್ಲ. ಆ ನಾಲ್ಕು ತಿಂಗಳಿಗೆ ಎರಡು ನೇರ ಕಟ್ಟಿನ ಕುರ್ತಾ, ಅಳತೆಗೆ ಹೊಲಿಸಿದ ಎರಡು ಕಡು ಬಣ್ಣದ ಪ್ಯಾಂಟು ಇರಲಿ. ಒಟ್ಟು 3,000 ರೂ. ಆದೀತು. ಲೆಗ್ಗಿಂಗ್ಸ್ ಬೇಡವೆಂದು ನನ್ನ ಹೆಂಡತಿಯ ತೀರ್ಪು. ಪ್ಯಾಂಟಿಗೆ ಪಕ್ಕದಲ್ಲಿ ಜೇಬು ಇಡಿಸಲೇಬೇಕು, ಪಾಸು ಮತ್ತು ಫೋನಿಗಾಗಿ ನೂಕುನುಗ್ಗಲಿನಲ್ಲಿ ಚೀಲ ತಡಕಾಡುವುದು ತಪ್ಪುತ್ತದೆ ಎಂಬುದೂ ಅವಳದೇ. ಉಳಿದ 1,500ರಲ್ಲಿ ಹಿಂದೆ ಪಟ್ಟಿ ಇರುವ, ಜಾರದ ಅಡಿಯ ಒಂದು ಜೊತೆ ಚಪ್ಪಲಿ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ನನ್ನ ಹೊಸ ಚರ್ಮದ ಬೂಟಿಗೆ ಬೂಷ್ಟು ಹಿಡಿದು ಅಡಿ ಬಿಟ್ಟುಕೊಂಡಿತು. ಪ್ರತಿ ವರ್ಷ ಹೊಸ ಬೂಟು ಕೊಳ್ಳುವ ಶಕ್ತಿ ಇಲ್ಲ.
— ಒಬ್ಬ ಓದುಗ, ಭಾಂಡುಪ್

ಉತ್ತರ: ಮಳೆಗಾಲದಲ್ಲಿ ಚರ್ಮದ ಬೂಟು ಕಚೇರಿಯ ಮೇಜಿನ ಕೆಳಗೆ ಇರಬೇಕು, ರಸ್ತೆಯ ಮೇಲಲ್ಲ. ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಕಪ್ಪು ಮಳೆ ಬೂಟು ತೊಟ್ಟು ಹೋಗಿ, ಅಲ್ಲಿ ಬದಲಿಸಿ. ಬೂಟು ಹೇಗೋ ನೆನೆಯಿತೆಂದಿಟ್ಟುಕೊಳ್ಳಿ. ಒಲೆಯ ಹತ್ತಿರವಾಗಲಿ ಬಿಸಿಲಿನಲ್ಲಾಗಲಿ ಇಡಬೇಡಿ, ಚರ್ಮ ಸೆಟೆದು ಬಿರುಕು ಬಿಡುತ್ತದೆ. ಒಳಗೆ ಹಳೆಯ ಪೇಪರಿನ ಉಂಡೆ ತುರುಕಿ, ಎರಡು ಮೂರು ಗಂಟೆಗೊಮ್ಮೆ ಬದಲಿಸುತ್ತ, ಫ್ಯಾನಿನ ಕೆಳಗೆ ಒಣಗಿಸಿ. ಬೂಷ್ಟನ್ನು ಒಣ ಬಟ್ಟೆಯಿಂದ ಮನೆಯ ಹೊರಗೆ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಪಾಲಿಷ್ ಹಚ್ಚಿ. ಒದ್ದೆ ಚರ್ಮಕ್ಕೆ ಹಚ್ಚಿದ ಪಾಲಿಷ್ ತೇವವನ್ನು ಒಳಗೇ ಕೂಡಿಹಾಕುತ್ತದೆ. ಒಂದೇ ಜೊತೆಯನ್ನು ದಿನವೂ ಹಾಕದೆ ನಡುವೆ ಒಂದು ದಿನ ಬಿಡಲು ಸಾಧ್ಯವಾದರೆ ಕಾಲಿನ ಬೆವರು ಆರಲು ಹೊತ್ತು ಸಿಗುತ್ತದೆ.

ಅಡಿ ಬಿಟ್ಟುಕೊಂಡ ಬೂಟನ್ನು ಎಸೆಯಬೇಡಿ. ಮೇಲಿನ ಚರ್ಮ ಗಟ್ಟಿಯಿದ್ದರೆ ನಿಲ್ದಾಣದ ಚಮ್ಮಾರರಿಂದ ಅಂಟಿನ ಜೊತೆಗೆ ಸುತ್ತಲೂ ಹೊಲಿಗೆಯನ್ನೂ ಹಾಕಿಸಿ. ಮುಂದೆ ಹೊಸದು ಕೊಳ್ಳುವಾಗ ಸಾಯನ್ ಮತ್ತು ಬಾಂದ್ರಾ ನಡುವಿನ ರಸ್ತೆಯಲ್ಲಿರುವ ಧಾರಾವಿಯ ಚರ್ಮದ ಅಂಗಡಿಗಳನ್ನು ನೋಡಿ, ಚೌಕಾಸಿಗೆ ಹಿಂಜರಿಯಬೇಡಿ. ಬೂಟನ್ನು ಮಧ್ಯಾಹ್ನದ ಮೇಲೆ, ಆಫೀಸಿಗೆ ಹಾಕುವ ಕಾಲುಚೀಲವನ್ನೇ ತೊಟ್ಟು ಪರೀಕ್ಷಿಸಿ. ದಿನವಿಡೀ ನಡೆದ ಕಾಲು ಬೆಳಗಿನ ಕಾಲಿಗಿಂತ ತುಸು ದೊಡ್ಡದಿರುತ್ತದೆ.

ಪ್ರಶ್ನೆ: ಬಿಳಿ ಶರ್ಟಿನ ಕಂಕುಳು ಹಳದಿಯಾಗಿದೆ. ಬ್ಲೀಚಿಂಗ್ ಹಾಕಿದಷ್ಟೂ ಹೆಚ್ಚಾಗುತ್ತಿದೆ. ಏಕೆ?
— ಒಬ್ಬ ಓದುಗರು, ಪುಣೆ

ಉತ್ತರ: ಬೆವರು ಮತ್ತು ಬೆವರುನಿರೋಧಕದಲ್ಲಿರುವ ಅಲ್ಯೂಮಿನಿಯಂ ಲವಣ ಕೂಡಿ ಆ ಕಲೆ ಕಟ್ಟುತ್ತದೆ, ಕ್ಲೋರಿನ್ ಇರುವ ಬ್ಲೀಚು ಅದನ್ನು ಇನ್ನಷ್ಟು ಹಳದಿ ಮಾಡುತ್ತದೆ. ಬ್ಲೀಚು ನಿಲ್ಲಿಸಿ. ಬಿಸಿನೀರಿನಲ್ಲಿ ಆಮ್ಲಜನಕ ಬಿಡುವ ಕಲೆ ತೆಗೆಯುವ ಪುಡಿಯನ್ನು ಕದಡಿ, ಶರ್ಟನ್ನು ಅದರಲ್ಲಿ ಗಂಟೆಗಟ್ಟಲೆ ನೆನೆಸಿಟ್ಟು, ಕಂಕುಳನ್ನು ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ ಒಗೆಯಿರಿ. ಕಲೆ ಹೋಗುವ ತನಕ ಇಸ್ತ್ರಿ ಮಾಡಿಸಬೇಡಿ, ಬಿಸಿ ತಾಗಿದರೆ ಅದು ನೆಲೆನಿಲ್ಲುತ್ತದೆ. ಎರಡು ಸಲಕ್ಕೂ ಹೋಗದಿದ್ದರೆ ಆ ಶರ್ಟನ್ನು ಸ್ವೆಟರಿನ ಒಳಗೆ ತೊಡಲು ಇಟ್ಟುಕೊಳ್ಳಿ. ಪುಣೆಯಲ್ಲಿರುವ ನಿಮಗೆ ಡಿಸೆಂಬರಿನ ಚಳಿಯಾದರೂ ಇದೆ, ಮುಂಬಯಿಯ ನಮಗೆ ಆ ಭಾಗ್ಯವೂ ಇಲ್ಲ.